ಬೀಜದ ಚೀಲವನ್ನು ಕೊಡಹಿದ ಸೇವಕರು
(ವಿಲಿಯಂ ಕೇರೀಯವರ ಹೂದೋಟದ ಚರಿತ್ರೆ)



ವಿಲಿಯಂ ಕೇರೀ ಎಂಬ ದೇವಸೇವಕರ ಹೆಸರನ್ನು ನಮ್ಮ ಸಭೆಗಳಲ್ಲಿ ಕೇಳದವರು ವಿರಳ. ಅವರು ಸತ್ಯವೇದವನ್ನು ಈ ದೇಶದ ಅನೇಕ ಭಾಷೆಗಳಿಗೆ ತಂದರೆಂಬುದನ್ನೂ ಬಂಗಾಳದಲ್ಲಿ ಅಚ್ಚುಕೂಟವನ್ನೂ ವಿದ್ಯಾಶಾಲೆಯನ್ನೂ ಸ್ಥಾಪಿಸಿದರೆಂಬುದನ್ನೂ ನಮ್ಮ ಮಕ್ಕಳು ಸಹ ಬಲ್ಲರು. ಆದರೆ ಲೇಖಣಿ ಹಿಡಿದ ಅದೇ ಕೈಗಳು ನಾಲ್ವತ್ತು ವರುಷಗಳ ವರೆಗೆ ಈ ದೇಶದ ಮಣ್ಣನ್ನು ಹದಮಾಡಿ, ಬೀಜಗಳನ್ನು ಬಿತ್ತಿ, ಸಸಿಗಳನ್ನು ಎಬ್ಬಿಸಿ, ಹೂವುಗಳನ್ನು ಅರಳಿಸಿದವೆಂಬುದು ಕೆಲವರಿಗೆ ಮಾತ್ರ ತಿಳಿದಿದೆ.

ನಮ್ಮ ಹಳ್ಳಿಗಳಲ್ಲಿ ಮನೆಯ ಮುಂದೆ ನಾಲ್ಕು ಹೂವಿನ ಗಿಡಗಳಿರಬೇಕೆಂದು ಆಶಿಸುವವರು ಬಹು ಮಂದಿ. ಅವರು ಒಂದು ಸಾರಿ ಬೀಜ ಬಿತ್ತುತ್ತಾರೆ. ಅದು ಮೊಳೆಯದೆ ಹೋದರೆ, ಇಲ್ಲವೆ ಮೊಳೆತ ಸಸಿ ಬಾಡಿ ಬಿದ್ದರೆ, ತಮಗೆ ಕೈಗುಣವಿಲ್ಲವೆಂದು ಹೇಳಿ ಆ ಕೆಲಸವನ್ನೇ ಬಿಟ್ಟುಬಿಡುತ್ತಾರೆ. ಕೈಗುಣವೆಂಬುದು ಹುಟ್ಟಿನಿಂದ ಬರುವಂಥದೋ, ಕಲಿತು ಸಂಪಾದಿಸುವಂಥದೋ ಎಂಬುದನ್ನು ಕೇರೀಯವರ ಜೀವಿತದಿಂದ ತಿಳಿದುಕೊಳ್ಳೋಣ.

1. ನೇಯ್ಗೆಯವನ ಮನೆಯ ಹುಡುಗ

ಕೇರೀಯವರು 1761ನೆಯ ಇಸವಿ ಆಗಸ್ಟ್ 17ರಂದು ಇಂಗ್ಲೆಂಡಿನ ನಾರ್ಥಾಂಪ್ಟನ್ ಸೀಮೆಗೆ ಸೇರಿದ ಪಾಲರ್ಸ್‌ಪರಿ ಎಂಬ ಹಳ್ಳಿಯಲ್ಲಿ ಹುಟ್ಟಿದರು. ತಂದೆಯಾದ ಎಡ್ಮಂಡ್ ಕೇರೀ ಮಗ್ಗದಲ್ಲಿ ಬಟ್ಟೆ ನೇಯ್ದು ಸಂಸಾರವನ್ನು ಸಾಕುತ್ತಿದ್ದವನು. ವಿಲಿಯಂ ಆರು ವರುಷದವನಾಗಿದ್ದಾಗ ತಂದೆಗೆ ಊರ ಶಾಲೆಯ ಉಪಾಧ್ಯಾಯ ಪದವಿ ದೊರಕಿತು. ಆ ಮನೆಗೆ ಒಂದು ತೋಟವೂ ಇತ್ತು. ಅದರಲ್ಲಿ ಆ ಹುಡುಗನು ಗಿಡ ನೆಡದೆ ಬಿಟ್ಟ ಮೂಲೆಯೇ ಇರಲಿಲ್ಲವೆಂದು ಅವನ ತಂಗಿಯು ಬಹು ಕಾಲದ ಮೇಲೆ ನೆನಸಿಕೊಂಡಳು.

ಇದಕ್ಕೆ ಪ್ರೇರಕನಾದವನು ಚಿಕ್ಕಪ್ಪನಾದ ಪೀಟರ್ ಕೇರೀ. ಇವನು ಸಿಪಾಯಿಯಾಗಿ ಕೆನಡಾ ದೇಶಕ್ಕೆ ಹೋಗಿದ್ದು, ಹಿಂದಿರುಗಿ ಬಂದು, ಹುಟ್ಟಿದೂರಿನಲ್ಲಿಯೇ ತೋಟಗಾರನಾಗಿ ನಿಂತನು. ಅವನು ಹುಡುಗನಿಗೆ ದೂರದೇಶಗಳ ಸಂಗತಿಗಳನ್ನು ಹೇಳುತ್ತಾ ಗಿಡಗಳ ಲಕ್ಷಣಗಳನ್ನೂ ಕಲಿಸಿದನು. ವಿಲಿಯಂ ಬೇಲಿಯ ಮಗ್ಗುಲಲ್ಲಿ ನಡೆಯುವಾಗ ಪ್ರತಿಯೊಂದು ಗಿಡವನ್ನೂ ನಿಂತು ನೋಡುವನು. ಹುಳಗಳನ್ನೂ ಹಕ್ಕಿಗಳನ್ನೂ ತಂದು ತನ್ನ ಕೋಣೆಯಲ್ಲಿ ಇಟ್ಟುಕೊಂಡು, ಅವು ಬೆಳೆಯುವ ಬಗೆಯನ್ನು ಲಕ್ಷ್ಯವಿಟ್ಟು ನೋಡುವನು.

ಆದರೆ ಹೊಲದ ಕೆಲಸವು ಅವನಿಗೆ ಒದಗಲಿಲ್ಲ. ಬಿಸಿಲು ಬಿದ್ದರೆ ಮುಖವೂ ಕೈಗಳೂ ಉರಿದು ನೋಯುವಂಥ ಒಂದು ಚರ್ಮರೋಗವು ಅವನಿಗಿತ್ತು. ಆದದರಿಂದ ತಂದೆಯು ಅವನನ್ನು ನೆರಳಿನಲ್ಲಿ ಕೂತು ಮಾಡುವ ಜೋಡು ಹೊಲಿಯುವ ಕಸಬಿಗೆ ಸೇರಿಸಿದನು. ತನ್ನ ದೇಶದ ಎಳೆಬಿಸಿಲನ್ನು ತಾಳಲಾರದೆ ಇದ್ದ ಈ ಹುಡುಗನು ಮುಂದೆ ಬಂಗಾಳದ ಸುಡುಬಿಸಿಲಿನಲ್ಲಿ ನಾಲ್ವತ್ತು ವರುಷ ಬಾಳಿ, ಅಲ್ಲಿಯೇ ತೋಟ ಮಾಡಿದನೆಂದರೆ, ಮನುಷ್ಯರು ಅಸಾಧ್ಯವೆಂದು ಬಿಟ್ಟದ್ದು ದೇವರಿಗೆ ಅಸಾಧ್ಯವಲ್ಲವೆಂದು ತೋರುತ್ತದೆ.

2. ಜೋಡು ಹೊಲಿಯುವವನಿಂದ ಬೋಧಕನವರೆಗೆ

ಜೋಡು ಹೊಲಿಯುತ್ತಲೇ ವಿಲಿಯಂ ಲತೀನ, ಗ್ರೀಕ, ಇಬ್ರಿಯ ಭಾಷೆಗಳನ್ನು ಕಲಿತನು. 1781ರಲ್ಲಿ ಡಾರತಿ ಪ್ಲಾಕೆಟ್ ಎಂಬವಳನ್ನು ಮದುವೆಯಾದನು. ಬಳಿಕ ಮೌಲ್ಟನ್ ಎಂಬ ಊರಿನಲ್ಲಿ ಶಾಲೆ ನಡಿಸುತ್ತಾ, ಸಭೆಗೆ ಬೋಧಿಸುತ್ತಾ, ಬಡತನದಲ್ಲಿ ಕಾಲ ಕಳೆದನು. ಕುಕ್ ಎಂಬ ನಾವಿಕನ ಸಮುದ್ರಯಾನದ ವೃತ್ತಾಂತವನ್ನು ಓದಿದ ಮೇಲೆ, ಸುವಾರ್ತೆಯನ್ನು ಕೇಳದ ಜನಾಂಗಗಳ ಚಿಂತೆಯು ಅವನ ಮನಸ್ಸನ್ನು ಬಿಡದೆ ಹಿಡಿಯಿತು. 1792ರಲ್ಲಿ ಈ ವಿಷಯವಾಗಿ ಒಂದು ಪುಸ್ತಕವನ್ನು ಬರೆದು ಅಚ್ಚು ಹಾಕಿಸಿದನು. ಅದೇ ವರುಷ ಅಕ್ಟೋಬರ್ 2ರಂದು ಕೆಟರಿಂಗ್ ಎಂಬಲ್ಲಿ ಕೆಲವು ಬೋಧಕರು ಕೂಡಿ ಬ್ಯಾಪ್ಟಿಸ್ಟ್ ಮಿಶನರಿ ಸಂಘವನ್ನು ಸ್ಥಾಪಿಸಿದರು.

1793ನೆಯ ಜೂನ್ ತಿಂಗಳಲ್ಲಿ ಕೇರೀಯವರು ಹೆಂಡತಿ ಮಕ್ಕಳೊಡನೆ ಡೇನರ ಹಡಗನ್ನೇರಿ, ಐದು ತಿಂಗಳು ಪ್ರಯಾಣ ಮಾಡಿ, ನವೆಂಬರಿನಲ್ಲಿ ಕಲ್ಕತ್ತೆಯನ್ನು ಸೇರಿದರು. ಅಂದು ಬಿಟ್ಟ ತಾಯಿನಾಡನ್ನು ಅವರು ಮತ್ತೆ ನೋಡಲಿಲ್ಲ.

3. ನೀಲಿಯ ಕಾರ್ಖಾನೆ ಮತ್ತು ಬೀಜಗಳ ಬೇಡಿಕೆ

ಮೊದಲನೆಯ ತಿಂಗಳುಗಳು ಬಹು ಕಷ್ಟದಿಂದ ಕಳೆದವು. ಕೈಯಲ್ಲಿ ಹಣವಿರಲಿಲ್ಲ, ಇರಲು ಮನೆಯಿರಲಿಲ್ಲ, ಮನೆಯವರೊಳಗೆ ರೋಗವಿತ್ತು. 1794ರಲ್ಲಿ ಜಾರ್ಜ್ ಉಡ್ನಿ ಎಂಬ ದೊರೆಯು ಉತ್ತರ ಬಂಗಾಳದ ಮುದ್ನಾಬಾಟಿ ಎಂಬಲ್ಲಿ ನೀಲಿಯ ಕಾರ್ಖಾನೆಯ ಮೇಲ್ವಿಚಾರಣೆಯನ್ನು ಅವರಿಗೆ ಒಪ್ಪಿಸಿದನು. ಸಂಬಳ ದೊರಕಿದ ಕೂಡಲೆ ಕೇರೀಯವರು ಇಂಗ್ಲೆಂಡಿನ ಸಂಘಕ್ಕೆ ಕಾಗದ ಬರೆದು, ತನಗಾಗಿ ಇನ್ನು ಹಣವನ್ನು ಕಳುಹಿಸಬೇಡಿರೆಂದೂ ಅದನ್ನು ಬೇರೆ ಕಡೆಯ ಸೇವೆಗೆ ಉಪಯೋಗಿಸಿರೆಂದೂ ತಿಳಿಸಿದರು.

ಆದರೆ ಒಂದನ್ನು ಬೇಡಿದರು. ಕುಡಗೋಲು ಮುಂತಾದ ಬೇಸಾಯದ ಉಪಕರಣಗಳನ್ನೂ, ವರುಷಕ್ಕೊಂದು ಸಾರಿ ತರಕಾರಿ, ಹೂವು, ಹಣ್ಣಿನ ಮರಗಳ ಬೀಜಗಳನ್ನೂ ಕಳುಹಿಸಬೇಕೆಂದು ಕೇಳಿಕೊಂಡು, ಅವುಗಳ ಬೆಲೆಯನ್ನು ತಾನೇ ಕೊಡುವೆನೆಂದು ಬರೆದರು. ಈ ಬೀಜಗಳು ತಮ್ಮ ಸ್ವಂತ ಸಂತೋಷಕ್ಕಾಗಿ ಮಾತ್ರವಲ್ಲ, ತಾವು ಇನ್ನು ಮುಂದೆ ತಮ್ಮದೆಂದು ಎಣಿಸುವ ಈ ದೇಶಕ್ಕೆ ಶಾಶ್ವತವಾದ ಪ್ರಯೋಜನವಾಗುವದೆಂಬುದೇ ಅವರ ಅಭಿಪ್ರಾಯವಾಗಿತ್ತು.

ಮುದ್ನಾಬಾಟಿಯಲ್ಲಿ ದುಃಖವೂ ಅವರನ್ನು ಹಿಂಬಾಲಿಸಿತು. ಐದು ವರುಷದ ಮಗನಾದ ಪೀಟರನು 1794ರಲ್ಲಿ ಜ್ವರವೂ ಆಮಶಂಕೆಯೂ ಹತ್ತಿ ತೀರಿಕೊಂಡನು. ಆ ತಾಯಿಯ ಮನಸ್ಸು ಕದಡಿತು. 1807ರಲ್ಲಿ ತೀರಿಹೋಗುವ ವರೆಗೆ ಅವರ ಚಿತ್ತಸ್ವಾಸ್ಥ್ಯವು ಹಿಂದಿರುಗಲಿಲ್ಲ. ದೂರದೇಶಕ್ಕೆ ಹೋಗಲು ಮೊದಲು ಒಪ್ಪದೆ, ಕಡೆಗೆ ಗಂಡನ ಸಂಗಡ ಹೊರಟ ಆ ಸ್ತ್ರೀಯು ಅನುಭವಿಸಿದ್ದನ್ನು ಕೇರೀಯವರ ಚರಿತ್ರೆ ಹೇಳುವವರು ಮರೆಮಾಡಬಾರದು. ಅವರ ಸೇವೆಯ ಲೆಕ್ಕದಲ್ಲಿ ಈ ವೆಚ್ಚವೂ ಸೇರಿದೆ.

ಬೋಧಿಸಿದ ವಾಕ್ಯಕ್ಕೂ ಆ ಕಾಲದಲ್ಲಿ ಫಲ ಕಾಣಲಿಲ್ಲ. ಏಳು ವರುಷ ಬಿತ್ತಿದ ಮೇಲೆ, 1800ನೆಯ ಡಿಸೆಂಬರ್ 28ರಂದು, ಕೃಷ್ಣ ಪಾಲ್ ಎಂಬ ಬಡಗಿಯು ಹೂಗ್ಲಿ ನದಿಯಲ್ಲಿ ದೀಕ್ಷಾಸ್ನಾನ ಹೊಂದಿದನು. ಮಣ್ಣಿನೊಳಗಿನ ಬೀಜಕ್ಕೆ ಕಾದಿರುವ ಅಭ್ಯಾಸವಿದ್ದವನಿಗೆ ಈ ಏಳು ವರುಷಗಳನ್ನು ತಾಳಿಕೊಳ್ಳುವದು ತುಸು ಸುಲಭವಾಗಿರಬಹುದು.

4. ಸೆರಾಂಪುರದ ತೋಟ

1800ನೆಯ ಜನವರಿಯಲ್ಲಿ ಕೇರೀಯವರು ಕಲ್ಕತ್ತೆಗೆ ಸಮೀಪವಾಗಿ ಹೂಗ್ಲಿ ದಂಡೆಯ ಮೇಲಿರುವ ಸೆರಾಂಪುರಕ್ಕೆ ಬಂದರು. ಅದು ಆಗ ಡೇನರ ವಶದಲ್ಲಿದ್ದ ಪಟ್ಟಣ. ಮಾರ್ಷ್‌ಮನ್, ವಾರ್ಡ್ ಎಂಬ ಜೊತೆಸೇವಕರೊಡನೆ ಅವರು ಅಲ್ಲಿ ಅಚ್ಚುಕೂಟವನ್ನು ನಡಿಸಿದರು. 1801ರಲ್ಲಿ ಬಂಗಾಳಿ ಹೊಸ ಒಡಂಬಡಿಕೆಯು ಹೊರಬಂತು. ಅದೇ ವರುಷದಿಂದ ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಈ ದೇಶದ ಭಾಷೆಗಳನ್ನು ಕಲಿಸುವ ಕೆಲಸವೂ ಅವರಿಗೆ ದೊರಕಿತು.

ಇಷ್ಟು ಕೆಲಸಗಳ ನಡುವೆ ಅವರು ಸುಮಾರು ಐದು ಎಕರೆ ವಿಸ್ತಾರವಾದ ತೋಟವನ್ನು ಬೆಳಿಸಿದರು. ಗಿಡಗಳನ್ನು ಮನಸ್ಸಿಗೆ ಬಂದಂತೆ ನೆಡದೆ, ಲಿನೇಯಸ್ ಎಂಬ ಸ್ವೀಡನ್ ದೇಶದ ಶಾಸ್ತ್ರಿಯು ಕಲ್ಪಿಸಿದ ಕ್ರಮದ ಪ್ರಕಾರ ಒಂದೊಂದು ವರ್ಗವನ್ನು ಒಂದೊಂದು ಮಡಿಯಲ್ಲಿ ನಿಲ್ಲಿಸಿದರು. ಮಹಾಗನಿ ಮರಗಳ ಸಾಲಿನ ಒಂದು ನಡೆದಾರಿಯೂ ಅಲ್ಲಿತ್ತು. ಮುಂಜಾನೆ ಈ ತೋಟದಲ್ಲಿ ಒಂಟಿಯಾಗಿ ತಿರುಗಾಡುತ್ತಾ ಪ್ರಾರ್ಥಿಸುವದು ಅವರ ವಾಡಿಕೆ. ಯಾರಾದರೂ ಒಂದು ಮಡಿಯನ್ನು ಕೆಡಿಸಿದರೆ ಅವರಿಗೆ ಬಹಳ ನೋವಾಗುತ್ತಿತ್ತೆಂದು ಮಗನಾದ ಜೋನಥನನು ಬರೆದಿದ್ದಾನೆ.

ಈ ತೋಟದ ಗಿಡಗಳಲ್ಲಿ ಎಷ್ಟೋ ಬೀಜದಿಂದ ಎದ್ದವು. ಬರ್ಮಾದಲ್ಲಿದ್ದ ಮಗ ಫೀಲಿಕ್ಸನಿಗೂ, ಅಂಬೊಯ್ನ ದ್ವೀಪದಲ್ಲಿದ್ದ ಮಗ ಜಾಬೆಜನಿಗೂ ಬರೆದ ಕಾಗದಗಳಲ್ಲಿ ಅವರು ಬೀಜಗಳನ್ನೂ ಗಿಡಗಳನ್ನೂ ಕೇಳುತ್ತಿದ್ದರು. ಇಂಗ್ಲೆಂಡಿನ ಸ್ನೇಹಿತನೊಬ್ಬನಿಗೆ ಬರೆದಾಗ, ಹುಡುಗನೊಬ್ಬನಿಗೆ ದಿನಕ್ಕೆ ಒಂದು ಪೆನ್ನಿ ಕೂಲಿ ಕೊಟ್ಟರೆ ಹೊಲಗದ್ದೆಗಳ ಸಾಧಾರಣ ಹೂವುಗಳ ಬೀಜಗಳನ್ನು ಆರಿಸಿ ಮೂರು ತಿಂಗಳಿಗೊಂದು ಪೆಟ್ಟಿಗೆ ತುಂಬಿಸಿ ಕೊಡುವನೆಂದು ಉಪಾಯ ಹೇಳಿಕೊಟ್ಟರು. ಅವರು ಕೇಳಿದ್ದು ದೊರೆಗಳ ತೋಟದ ಅಪರೂಪದ ಹೂವುಗಳನ್ನಲ್ಲ. ದನ ಮೇಯುವ ಬಯಲಿನ ಹೂವುಗಳನ್ನು.

ಕಲ್ಕತ್ತೆಯ ಸಮೀಪದ ಕಂಪೆನಿಯ ಸಸ್ಯೋದ್ಯಾನದ ಮೇಲ್ವಿಚಾರಕನಾಗಿದ್ದ ಡಾಕ್ಟರ್ ರಾಕ್ಸ್‌ಬರ್ಗ್ ಅವರ ಆಪ್ತಸ್ನೇಹಿತನು. ಅವನು ದೇಹಸ್ಥಿತಿ ಕೆಟ್ಟು ಊರಿಗೆ ಹೋದಾಗ, ಆ ಉದ್ಯಾನದ ಗಿಡಗಳ ಪಟ್ಟಿಯನ್ನು ಕೇರೀಯವರೇ 1814ರಲ್ಲಿ ಸೆರಾಂಪುರದಲ್ಲಿ ಅಚ್ಚುಹಾಕಿಸಿದರು. ರಾಕ್ಸ್‌ಬರ್ಗನು ಒಂದು ಜಾತಿಯ ಗಿಡಮರಗಳಿಗೆ ಕೇರೀಯವರ ಹೆಸರನ್ನೇ ಇಟ್ಟನು. ನಮ್ಮ ಮಲೆನಾಡಿನ ಕಡೆಯವರು ಕವಲು ಎಂದು ಕರೆಯುವ ಮರವು ಈ ಜಾತಿಗೆ ಸೇರಿದ್ದು. ಶಾಸ್ತ್ರದಲ್ಲಿ ಅದರ ಹೆಸರು ಕೇರೀಯ ಆರ್ಬೋರಿಯ. ಹೀಗೆ ನಮ್ಮ ಕಾಡಿನಲ್ಲಿಯೂ ಅವರ ಹೆಸರು ನಿಂತಿದೆ.

ಕನ್ನಡಿಗರಾದ ನಾವು ಮತ್ತೊಂದನ್ನೂ ನೆನಸಬೇಕು. 1812ನೆಯ ಮಾರ್ಚ್ 11ರ ಸಾಯಂಕಾಲ ಸೆರಾಂಪುರದ ಅಚ್ಚುಕೂಟಕ್ಕೆ ಬೆಂಕಿ ಹತ್ತಿ, ಕಾಗದವೂ ಅಚ್ಚಿನ ಮೊಳೆಗಳೂ ಅನೇಕ ಹಸ್ತಪ್ರತಿಗಳೂ ಸುಟ್ಟುಹೋದವು. ಅವುಗಳಲ್ಲಿ ಕನ್ನಡ ಹೊಸ ಒಡಂಬಡಿಕೆಯ ಹಸ್ತಪ್ರತಿಯೂ ಒಂದು. ಕೇರೀಯವರು ಮಾರನೆಯ ದಿನ ಸುದ್ದಿ ಕೇಳಿ ಬಹಳ ನೊಂದರೂ ಕೆಲಸವನ್ನು ತಿರಿಗಿ ಮೊದಲಿನಿಂದ ಹಿಡಿದರು. ಐದು ವರುಷಗಳೊಳಗಾಗಿ, 1817ರಲ್ಲಿ, ಅವರು ಬರೆದ ಕರ್ನಾಟಕ ಭಾಷೆಯ ವ್ಯಾಕರಣವು ಅದೇ ಅಚ್ಚುಕೂಟದಿಂದ ಹೊರಟಿತು.

5. ಚೀಲದ ಧೂಳಿನಿಂದ ಎದ್ದ ಹೂವು

ಈಗ ಈ ಚರಿತ್ರೆಯೊಳಗಿನ ಅತಿ ಚಿಕ್ಕ ಸಂಗತಿಗೆ ಬರುತ್ತೇವೆ. ಇಂಗ್ಲೆಂಡಿನ ಹುಲ್ಲುಗಾವಲುಗಳಲ್ಲಿ ಡೇಸಿ ಎಂಬ ಗಿಡ್ಡಗಿಡವು ತಾನಾಗಿ ಬೆಳೆಯುತ್ತದೆ. ಗೇಣುದ್ದಕ್ಕಿಂತ ಕಡಿಮೆಯಾದ ದಂಟು, ನಡುವೆ ಹಳದಿ, ಸುತ್ತಲೂ ಬಿಳಿ ಎಸಳು. ಅಲ್ಲಿ ಅದಕ್ಕೆ ಯಾರೂ ಬೆಲೆ ಕಟ್ಟುವದಿಲ್ಲ. ನಮ್ಮ ತುಂಬೆಯಂತೆ ಕಾಲಡಿಯಲ್ಲಿರುವ ಹೂವದು. ಕೇರೀಯವರು ಅದನ್ನು ಕಂಡು ಮೂವತ್ತು ವರುಷಗಳು ಕಳೆದಿದ್ದವು. ಇನ್ನು ಕಾಣುವ ನಿರೀಕ್ಷೆಯೂ ಅವರಿಗಿರಲಿಲ್ಲ.

ಒಮ್ಮೆ ಇಂಗ್ಲೆಂಡಿನ ವೆಂಟ್ವರ್ತ್ ಎಂಬಲ್ಲಿಯ ಕೂಪರ್ ಎಂಬವರು ಅವರಿಗೆ ಬೀಜಗಳ ಒಂದು ಚೀಲವನ್ನು ಕಳುಹಿಸಿದರು. ಕೇರೀಯವರು ಬೀಜಗಳನ್ನೆಲ್ಲ ತೆಗೆದುಕೊಂಡ ಮೇಲೆ ಚೀಲವನ್ನು ಮೂಲೆಗೆ ಬಿಸಾಡಲಿಲ್ಲ. ಅದರ ಹೊಲಿಗೆಯಲ್ಲಿ ಏನಾದರೂ ಸಿಕ್ಕಿಕೊಂಡು ನಷ್ಟವಾಗಬಾರದೆಂದು, ನೆರಳಿದ್ದ ಒಂದು ತುಂಡು ನೆಲದ ಮೇಲೆ ಅದನ್ನು ಕೊಡಹಿದರು. ಕೆಲವು ದಿವಸಗಳ ಮೇಲೆ ಹೋಗಿ ನೋಡಲಾಗಿ, ಅಲ್ಲಿ ಡೇಸಿಯ ಮೊಳಕೆ ಎದ್ದಿತ್ತು. ಯೂರೋಪನ್ನು ಬಿಟ್ಟಂದಿನಿಂದ ಇಷ್ಟು ಮಧುರವಾದ ಸರಳ ಸಂತೋಷವನ್ನು ತಾನು ಅನುಭವಿಸಿದ್ದಿಲ್ಲವೆಂದು ಅವರು ಆ ದಾತನಿಗೆ ಬರೆದರು. ಈ ಸಂಗತಿಯನ್ನು ಕೇಳಿ ಜೇಮ್ಸ್ ಮಾಂಟ್ಗಮರಿ ಎಂಬ ಇಂಗ್ಲಿಷ್ ಕವಿಯು ಒಂದು ಪದ್ಯವನ್ನೇ ರಚಿಸಿದನು.

ಇಷ್ಟಕ್ಕೇ ಕಥೆ ಮುಗಿದಿದ್ದರೆ ಅದು ಒಂದು ದಿನದ ಸಂತೋಷವಾಗಿಯೇ ಹೋಗುತ್ತಿತ್ತು. ಡೇಸಿಯು ತನ್ನ ದೇಶದಲ್ಲಿ ಬೇರಿನಿಂದ ವರುಷ ವರುಷವೂ ಚಿಗುರುವಂಥದು. ಬಂಗಾಳದ ಸೆಕೆಯನ್ನೂ ಮಳೆಯನ್ನೂ ಅದರ ಬೇರು ತಾಳಲಾರದು. ಆಗ ಕೇರೀಯವರು ಮಾಡಿದ್ದೇನು? ಹೂವು ಬಲಿತು ಬೀಜ ಕಟ್ಟುವ ವರೆಗೆ ಕಾಪಾಡಿ, ಆ ಬೀಜವನ್ನು ತೆಗೆದಿಟ್ಟು, ಮುಂದಿನ ಕಾಲದಲ್ಲಿ ಮತ್ತೆ ಬಿತ್ತಿದರು. ಹೀಗೆ ಬಹು ಜಾಗ್ರತೆಯಿಂದ ವರುಷಕ್ಕೊಂದು ಸಾರಿ ಬೀಜದಿಂದಲೇ ಆ ಸಂತತಿಯನ್ನು ಉಳಿಸಿಕೊಂಡರು.

6. ಇದರಿಂದ ಹೊಸಬರು ಕಲಿಯತಕ್ಕದ್ದು

ಬೀಜ ಬಿತ್ತುವ ವಿದ್ಯೆಯ ಬಹುಭಾಗವು ಈ ಚಿಕ್ಕ ಸಂಗತಿಯಲ್ಲಿ ಅಡಗಿದೆ. ಅದನ್ನು ಬಿಡಿಸಿ ಹೇಳುತ್ತೇವೆ.

ಮೊದಲನೆಯದು, ಬೀಜವು ಜೀವವುಳ್ಳದ್ದು. ಅದರೊಳಗೆ ಎಳೆಯ ಗಿಡವೊಂದು ತನ್ನ ಬುತ್ತಿಯ ಸಹಿತವಾಗಿ ಮಲಗಿದೆ. ತೇವ, ಗಾಳಿ, ಹಿತವಾದ ಶಾಖ, ಈ ಮೂರು ಕೂಡಿದಾಗ ಎಚ್ಚರವಾಗುತ್ತದೆ. ಇಟ್ಟಲ್ಲಿ ತೇವ ಸೋಕಿದರೆ, ಇಲ್ಲವೆ ಬಹಳ ಹಳತಾದರೆ, ಆ ಜೀವವು ನಂದಿಹೋಗುತ್ತದೆ. ತಿಂಗಳುಗಟ್ಟಲೆ ಹಡಗಿನ ಸೆಕೆಯಲ್ಲಿ ಬಂದ ಎಷ್ಟೋ ಬೀಜಗಳು ಹೀಗೆಯೇ ಕೆಟ್ಟುಹೋಗುತ್ತಿದ್ದವು. ಆದುದರಿಂದ ಬಿತ್ತುವದಕ್ಕೆ ಮುಂಚೆ ಹತ್ತು ಬೀಜಗಳನ್ನು ಒದ್ದೆಬಟ್ಟೆಯಲ್ಲಿ ಸುತ್ತಿ, ಒಣಗದಂತೆ ಒಂದು ವಾರ ನೋಡಿರಿ. ಏಳೆಂಟು ಮೊಳೆತರೆ ಬೀಜ ಒಳ್ಳೆಯದು. ಒಂದೂ ಮೊಳೆಯದಿದ್ದರೆ ತಪ್ಪು ಬೀಜದ್ದು, ನಿಮ್ಮ ಕೈಯದಲ್ಲ.

ಎರಡನೆಯದು, ಮಣ್ಣು. ಎರಡು ಪಾಲು ತೋಟದ ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಹಳೆಯ ಕೊಟ್ಟಿಗೆಗೊಬ್ಬರ, ಒಂದು ಪಾಲು ಮರಳು, ಇವನ್ನು ಜರಡಿ ಹಿಡಿದು ಕಲಸಿರಿ. ಹಸಿಗೊಬ್ಬರವನ್ನು ಹಾಕಬಾರದು, ಅದು ಎಳೆಬೇರನ್ನು ಸುಡುತ್ತದೆ. ತಳದಲ್ಲಿ ತೂತುಳ್ಳ ಹಳೆಯ ಮಡಕೆಯೋ, ಅಂಗಳದ ಒಂದು ಗೇಣು ಎತ್ತರಿಸಿದ ಮಡಿಯೋ ಸಾಕು. ನೀರು ನಿಲ್ಲದೆ ಇಳಿದುಹೋಗುವದೇ ಮುಖ್ಯ.

ಮೂರನೆಯದು, ಆಳ. ಹೊಸಬರು ಮಾಡುವ ದೊಡ್ಡ ತಪ್ಪು ಇಲ್ಲಿಯೇ. ಬೀಜದ ದಪ್ಪಕ್ಕೆ ಎರಡು ಮೂರರಷ್ಟು ಮಣ್ಣು ಮುಚ್ಚಿದರೆ ಸಾಕು. ಡೇಸಿಯಂಥ ಧೂಳಿನಷ್ಟು ಸಣ್ಣ ಬೀಜವನ್ನು ಒಣಮರಳಿನಲ್ಲಿ ಬೆರಸಿ ಮೇಲೆ ಉದುರಿಸಿ, ಅಂಗೈಯಿಂದ ಮೆಲ್ಲಗೆ ಒತ್ತಬೇಕು, ಅಷ್ಟೇ. ಕೇರೀಯವರು ಚೀಲವನ್ನು ಕೊಡಹಿದಾಗ ಬೀಜವು ನೆಲದ ಮೇಲೆಯೇ ಬಿತ್ತಲ್ಲವೆ? ಅದನ್ನು ಒಂದು ಬೆರಳು ಆಳಕ್ಕೆ ಹೂತಿದ್ದರೆ ಅದು ಮೇಲಕ್ಕೆ ಬರುತ್ತಿರಲಿಲ್ಲ.

ನಾಲ್ಕನೆಯದು, ನೆರಳು ಮತ್ತು ನೀರು. ಬಿತ್ತುವ ಮೊದಲೇ ಮಣ್ಣನ್ನು ನೆನಸಿಡಿರಿ. ಬಳಿಕ ಕೊಡದಿಂದ ಸುರಿಯದೆ, ಸಣ್ಣ ತೂತುಗಳಿರುವ ಡಬ್ಬಿಯಿಂದಾಗಲಿ ಕೈಯಿಂದಾಗಲಿ ಚಿಮುಕಿಸಿರಿ. ಮಣ್ಣು ಯಾವಾಗಲೂ ತೇವವಾಗಿರಬೇಕು, ಕೆಸರಾಗಬಾರದು. ನೀರು ಹೆಚ್ಚಾದರೆ ಸಸಿಯ ಬುಡವು ಕೊಳೆತು, ಒಂದೇ ರಾತ್ರಿಯಲ್ಲಿ ಮಡಿಯೆಲ್ಲ ಮಲಗಿಬಿಡುತ್ತದೆ. ಮೇಲೆ ತೆಳ್ಳಗೆ ಹುಲ್ಲು ಮುಚ್ಚಬಹುದು. ಆದರೆ ಮೊಳಕೆ ಕಂಡ ದಿನವೇ ಅದನ್ನು ತೆಗೆಯಬೇಕು. ಇಲ್ಲವಾದರೆ ಸಸಿಗಳು ಬಿಳಿಚಿಕೊಂಡು ಸಣಕಲಾಗುತ್ತವೆ. ಇರುವೆಗಳು ಬೀಜವನ್ನು ಹೊತ್ತುಕೊಂಡು ಹೋಗದಂತೆ ಸುತ್ತಲೂ ಬೂದಿಯ ಗೆರೆ ಎಳೆಯಿರಿ.

ಐದನೆಯದು, ಒತ್ತಾಗಿ ಎದ್ದ ಸಸಿಗಳಲ್ಲಿ ಬಡಕಲಾದವುಗಳನ್ನು ಕಿತ್ತುಹಾಕಬೇಕು. ಇದಕ್ಕೆ ಅನೇಕರ ಮನಸ್ಸು ಒಡಂಬಡದು. ಆದರೆ ಎಲ್ಲವನ್ನೂ ಉಳಿಸಬೇಕೆನ್ನುವವನು ಎಲ್ಲವನ್ನೂ ಕಳಕೊಳ್ಳುತ್ತಾನೆ. ನಾಲ್ಕು ನಿಜವಾದ ಎಲೆಗಳು ಬಂದ ಮೇಲೆ, ಬಿಸಿಲು ಇಳಿದ ಹೊತ್ತಿನಲ್ಲಿ, ಬೇರಿನ ಮಣ್ಣು ಉದುರದಂತೆ ಎತ್ತಿ, ಬೇಕಾದಲ್ಲಿ ನೆಟ್ಟು, ಮೂರು ದಿನ ನೆರಳು ಕೊಡಿರಿ.

ಆರನೆಯದು, ಕಾಲ. ಚೆಂಡುಹೂವನ್ನೂ, ಕರ್ಣಕುಂಡಲವೆನ್ನುವ ಗೌರಿಹೂವನ್ನೂ ಮುಂಗಾರಿನ ಆರಂಭದಲ್ಲಿ ಬಿತ್ತಬಹುದು. ಹೊಸಬರಿಗೆ ಚೆಂಡುಹೂವೇ ಒಳ್ಳೆಯದು. ಒಂದು ವಾರದೊಳಗೆ ಮೊಳೆತು ಧೈರ್ಯ ಕೊಡುತ್ತದೆ. ಚಳಿಯನ್ನು ಬಯಸುವ ಹೂವುಗಳನ್ನು ಮಳೆ ನಿಂತ ಮೇಲೆಯೇ ಬಿತ್ತಬೇಕು.

ಏಳನೆಯದು, ಬೀಜ ತೆಗೆದಿಡುವದು. ಮೊದಲು ಅರಳಿದ, ಎಲ್ಲಕ್ಕಿಂತ ಚೆನ್ನಾದ ಹೂವನ್ನು ಕೀಳದೆ ಗಿಡದಲ್ಲಿಯೇ ಬಲಿಯಗೊಡಿರಿ. ಕರ್ಣಕುಂಡಲದ ಕಾಯಿ ಮುಟ್ಟಿದೊಡನೆ ಸಿಡಿಯುವದರಿಂದ ತುಸು ಮುಂಚೆ ಕೀಳಬೇಕು. ಬೀಜವನ್ನು ನೆರಳಲ್ಲಿ ಒಣಗಿಸಿ, ಕಾಗದದ ಪೊಟ್ಟಣದಲ್ಲಿ ಕಟ್ಟಿ, ಹೆಸರನ್ನೂ ತಾರೀಖನ್ನೂ ಬರೆದು, ಒಲೆಯ ಶಾಖವೂ ಗೋಡೆಯ ತೇವವೂ ತಾಗದಲ್ಲಿ ಇಡಿರಿ.

7. ತೋಟಗಾರರ ಸಂಘ

ತಾನು ಬಲ್ಲದ್ದು ತನ್ನಲ್ಲಿಯೇ ಉಳಿಯಬಾರದೆಂಬುದು ಕೇರೀಯವರ ಮನಸ್ಸು. ಬೇಸಾಯವು ಈ ದೇಶದವರ ಮುಖ್ಯ ಜೀವನವಾಗಿದ್ದರೂ ಹೊಸ ಬೆಳೆಗಳೂ ಒಳ್ಳೆಯ ಬೀಜಗಳೂ ರೈತರ ಕೈಗೆ ಸೇರುತ್ತಿರಲಿಲ್ಲ. ಆದಕಾರಣ ಅವರು 1820ನೆಯ ಏಪ್ರಿಲ್ ತಿಂಗಳಲ್ಲಿ ಒಂದು ವಿಜ್ಞಾಪನೆಯನ್ನು ಅಚ್ಚುಹಾಕಿಸಿ ಹಂಚಿದರು. ಅದರ ಫಲವಾಗಿ ಅದೇ ವರುಷ ಸೆಪ್ಟೆಂಬರ್ 14ರಂದು ಕಲ್ಕತ್ತೆಯಲ್ಲಿ ಹಿಂದುಸ್ಥಾನದ ಬೇಸಾಯ ಮತ್ತು ತೋಟಗಾರಿಕೆಯ ಸಂಘವು ಹುಟ್ಟಿತು. ಮೊದಲನೆಯ ಕೂಟಕ್ಕೆ ಬಂದವರು ಬೆರಳೆಣಿಕೆಯಷ್ಟೇ. ಆದರೂ ಈ ದೇಶದವರು ಸಹ ಅದರಲ್ಲಿ ಸಮಾನ ಸದಸ್ಯರಾಗಿರಬೇಕೆಂಬುದು ಕೇರೀಯವರ ಇಷ್ಟವಾಗಿತ್ತು. ಬೀಜಗಳನ್ನು ತರಿಸಿ ಹಂಚುವದು, ಒಳ್ಳೆಯ ತರಕಾರಿ ಬೆಳಿಸಿದ ಮಾಲಿಗಳಿಗೆ ಬಹುಮಾನ ಕೊಡುವದು ಮುಂದೆ ಈ ಸಂಘದ ಕೆಲಸಗಳಾದವು. ಎರಡು ನೂರು ವರುಷಗಳು ಕಳೆದರೂ ಅದು ಕೋಲ್ಕತದ ಆಲಿಪುರದಲ್ಲಿ ಇನ್ನೂ ಬಾಳುತ್ತಿದೆ.

8. ನೆರೆ

1823ನೆಯ ಅಕ್ಟೋಬರಿನ ಒಂದು ರಾತ್ರಿ ಕೇರೀಯವರು ಕಲ್ಕತ್ತೆಯಿಂದ ದೋಣಿಯಲ್ಲಿ ಬಂದು ದಡಕ್ಕೆ ಇಳಿಯುವಾಗ ಕಾಲುಜಾರಿ ಬಿದ್ದರು. ಸೊಂಟಕ್ಕೆ ಬಲವಾದ ಪೆಟ್ಟಾಗಿ, ಜ್ವರವೂ ಏರಿ, ಬದುಕುವದು ಸಂದೇಹವಾಯಿತು. ಅವರಿಗೆ ಆಗ 62 ವರುಷ. ಅದೇ ದಿವಸಗಳಲ್ಲಿ ದಾಮೋದರ ನದಿಯು ಕಟ್ಟೆಯೊಡೆದು ಸೆರಾಂಪುರದ ಮೇಲೆ ಹರಿಯಿತು. ಇಪ್ಪತ್ತಮೂರು ವರುಷ ಸಾಕಿದ ತೋಟವು ನೀರಿನ ಪಾಲಾಯಿತು. ದೂರ ದೂರದ ಸೀಮೆಗಳಿಂದ ಬೀಜ ತರಿಸಿ ಬೆಳಿಸಿದ ಗಿಡಗಳು ನಾಶವಾದವು. ನದಿಯು ದಡವನ್ನು ಕೊರೆದದ್ದರಿಂದ ಇದ್ದ ಮನೆಯನ್ನೂ ಬಿಡಬೇಕಾಯಿತು.

ಹಾಸಿಗೆಯಲ್ಲಿ ಮಲಗಿದ್ದ ಮುದುಕನೊಬ್ಬನು ಇಂಥ ಸಮಯದಲ್ಲಿ ಏನು ಮಾಡುತ್ತಾನೆ? ಇನ್ನು ಸಾಕೆಂದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಕೇರೀಯವರು ಹಾಗೆ ಹೇಳಲಿಲ್ಲ. ಅನೇಕ ತಿಂಗಳು ಊರುಗೋಲಿನ ಆಸರೆಯಿಂದ ನಡೆದರೂ, ತೋಟವನ್ನು ಹೊಸದಾಗಿ ಆರಂಭಿಸಿದರು. ಹಿಂದೆ ಹನ್ನೊಂದು ವರುಷಗಳ ಕೆಳಗೆ ಬೆಂಕಿಯು ಸುಟ್ಟದ್ದನ್ನು ಹೇಗೆ ಮತ್ತೆ ಬರೆದರೋ, ಹಾಗೆಯೇ ಈಗ ನೀರು ಒಯ್ದದ್ದನ್ನು ಮತ್ತೆ ಬಿತ್ತಿದರು. ಮೊದಲನೆಯ ತೋಟವನ್ನು ಮಾಡಿದ್ದು ಯೌವನದ ಬಲದಿಂದ. ಎರಡನೆಯದನ್ನು ಮಾಡಿದ್ದು ನಂಬಿಕೆಯಿಂದ. ತಾನು ಬಿತ್ತಿದ ಮರದ ನೆರಳಿನಲ್ಲಿ ತಾನು ಕೂಡ್ರಲಾರೆನೆಂದು ತಿಳಿದೂ ಬಿತ್ತುವವನದೇ ದೊಡ್ಡ ಕೈಗುಣ.

9. ಕಡೆಯ ದಿನಗಳು

1829ರಲ್ಲಿ ಸತಿ ಹೋಗುವ ಪದ್ಧತಿಯನ್ನು ಸರ್ಕಾರವು ನಿಲ್ಲಿಸಿದಾಗ, ಆ ಆಜ್ಞೆಯನ್ನು ಬಂಗಾಳಿ ಭಾಷೆಗೆ ತಿರುಗಿಸಿದವರು ಕೇರೀಯವರೇ. ಆ ಬಳಿಕ ಅವರ ಬಲವು ಕ್ರಮೇಣ ಕುಂದಿತು. ನಡೆಯಲಾಗದೆ ಹೋದಾಗ ಕುರ್ಚಿಯಲ್ಲಿ ಕೂಡ್ರಿಸಿ ತೋಟಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಅದೂ ಆಗದೆ ಹೋದಾಗ ಮುಖ್ಯ ಮಾಲಿಯೇ ಹಾಸಿಗೆಯ ಬಳಿಗೆ ಬಂದು, ಗಿಡಗಳ ವರ್ತಮಾನವನ್ನು ಹೇಳಿ, ಅಪ್ಪಣೆ ಕೇಳಿಕೊಂಡು ಹೋಗುತ್ತಿದ್ದನು.

ಒಂದು ದಿನ ಅವರ ಮುಖವು ಬಾಡಿತು. ತಾನು ತೀರಿದ ಮೇಲೆ ಸಹೋದರ ಮಾರ್ಷ್‌ಮನ್ನನು ತೋಟದೊಳಗೆ ದನಗಳನ್ನು ಬಿಟ್ಟುಬಿಡುವನೆಂಬ ಚಿಂತೆಯನ್ನು ಹೇಳಿಕೊಂಡರು. ಮಾರ್ಷ್‌ಮನ್ನರಿಗೆ ಗಿಡಗಳಲ್ಲಿ ಅಂಥ ಆಸಕ್ತಿಯಿರಲಿಲ್ಲ. ಆದರೂ ಸ್ನೇಹಿತನ ಪ್ರೀತಿಗಾಗಿ ಆ ತೋಟವನ್ನು ಪವಿತ್ರವಾದದ್ದೆಂದು ಎಣಿಸಿ ಕಾಯುವೆನೆಂದು ಅವರು ಮಾತು ಕೊಟ್ಟರು. 1834ನೆಯ ಜೂನ್ 9ರಂದು ಕೇರೀಯವರು ಕರ್ತನಲ್ಲಿ ನಿದ್ರೆಹೋದರು. ಅವರ ದೇಹವನ್ನು ಸೆರಾಂಪುರದಲ್ಲಿಯೇ ಹೂಣಿಟ್ಟರು.

ಆ ಐದು ಎಕರೆ ತೋಟವು ಈಗ ಇಲ್ಲ. ಆದರೂ ಅವರು ಎಬ್ಬಿಸಿದ ಸಂಘವಿದೆ, ಅವರು ಸ್ಥಾಪಿಸಿದ ಕಾಲೇಜು ಇದೆ, ಕಾಡಿನಲ್ಲಿ ಅವರ ಹೆಸರಿನ ಮರವಿದೆ. ಬೀಜದ ಗುಣವೇ ಹೀಗೆ. ಬಿತ್ತಿದ ಮಡಿಯಲ್ಲಿ ಕಾಣದೆ ಹೋದದ್ದು ಬೇರೆ ಕಡೆಯಲ್ಲಿ ಏಳುತ್ತದೆ.

ಪ್ರಿಯರೇ, ಈ ವರುಷ ನಿಮ್ಮ ಅಂಗಳದಲ್ಲಿ ಒಂದು ಒಡಕು ಮಡಕೆಗೆ ಮಣ್ಣು ತುಂಬಿ ಹತ್ತು ಚೆಂಡುಹೂವಿನ ಬೀಜಗಳನ್ನು ಬಿತ್ತಿರಿ. ಮಕ್ಕಳ ಕೈಯಿಂದಲೇ ಬಿತ್ತಿಸಿದರೆ ಇನ್ನೂ ಒಳ್ಳೆಯದು. ಮೊಳೆಯದಿದ್ದರೆ ಕೈಗುಣವನ್ನು ದೂರಬೇಡಿರಿ. ಬೀಜವನ್ನು, ಆಳವನ್ನು, ನೀರನ್ನು, ಕಾಲವನ್ನು ಒಂದೊಂದಾಗಿ ವಿಚಾರಿಸಿ ಮತ್ತೊಮ್ಮೆ ಬಿತ್ತಿರಿ. ಅರಳಿದರೆ, ಚೆನ್ನಾದ ಒಂದು ಹೂವನ್ನು ಬೀಜಕ್ಕೆ ಬಿಟ್ಟು, ಅರ್ಧವನ್ನು ನೆರೆಮನೆಗೆ ಕೊಡಿರಿ. ಬೀಜವೆಲ್ಲ ತೀರಿದ ಮೇಲೆ ಪೊಟ್ಟಣವನ್ನು ಬಿಸಾಡುವ ಮುಂಚೆ, ನೆರಳಿರುವ ಒಂದು ಮೂಲೆಯಲ್ಲಿ ಅದನ್ನು ಕೊಡಹಲು ಮರೆಯಬೇಡಿರಿ.